ಒಂದು ಯಂತ್ರದಿಂದ ಮನೆಯ ವೈ-ಫೈ ನಿಧಾನವಾದಾಗ

(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇಂದು ಅರಿಕೆ ಮಾಡಿಕೊಳ್ಳುವ ವಿಷಯ ದೊಡ್ಡದೇನಲ್ಲ. ಆದರೆ ಅದು ನಮ್ಮ ತಿಂಗಳ ಖರ್ಚಿಗೂ ಕೋಣೆಯ ನೆಮ್ಮದಿಗೂ ಸಂಬಂಧಪಟ್ಟದ್ದು. ನಮ್ಮಲ್ಲಿ ಅನೇಕರು ನಾಲ್ಕಾರು ಜನ ಒಂದೇ ಕೋಣೆಯಲ್ಲಿದ್ದು, ಇಂಟರ್‌ನೆಟ್ಟಿನ ಹಣವನ್ನು ಹಂಚಿಕೊಂಡು ಕೊಡುತ್ತೇವೆ. ರಾತ್ರಿ ಊರಿಗೆ ವಿಡಿಯೋ ಕರೆ ಮಾಡಿದರೆ ತಾಯಿಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕೂಡಲೇ ಮೂಲೆಯಲ್ಲಿ ಸಿನಿಮಾ ನೋಡುವ ಹುಡುಗನನ್ನು ಬಯ್ಯುತ್ತೇವೆ; ಇಲ್ಲವೇ ಹೆಚ್ಚು ಹಣ ತೆತ್ತು ದೊಡ್ಡ ಪ್ಲಾನ್ ಹಾಕಿಸುತ್ತೇವೆ. ಇವೆರಡಕ್ಕೂ ಮೊದಲು ಕಾರಣವನ್ನು ಹುಡುಕುವುದು ಒಳ್ಳೆಯದು.

ಮುಂಬಯಿಯ ಚಾಳಿನ ನಲ್ಲಿಯನ್ನು ನೆನೆಯಿರಿ. ಸರದಿಗೆ ಒಂದೊಂದು ಕೊಡ ಎಂಬುದು ನಿಯಮ. ಒಬ್ಬರ ಕೊಡದ ಬಾಯಿ ಬಹಳ ಕಿರಿದಾಗಿದ್ದರೆ, ಅದು ತುಂಬುವವರೆಗೆ ಉಳಿದವರೆಲ್ಲ ಕಾಯಬೇಕು. ವೈ-ಫೈಯಲ್ಲಿಯೂ ಸಾಮಾನ್ಯವಾಗಿ ಹೀಗೆಯೇ. ಒಂದು ಯಂತ್ರ ಮಾತಾಡುವಾಗ ಮಿಕ್ಕವು ಸುಮ್ಮನಿರಬೇಕು. 1999ರ 802.11ಬಿ ಪದ್ಧತಿಯ ಯಂತ್ರದ ವೇಗ ಹೆಚ್ಚೆಂದರೆ ಸೆಕೆಂಡಿಗೆ 11 ಮೆಗಾಬಿಟ್. ದೂರವಿದ್ದರೆ 1ಕ್ಕೆ ಇಳಿಯುತ್ತದೆ. 1,500 ಬೈಟಿನ ಒಂದು ಕಟ್ಟನ್ನು ಆ ವೇಗದಲ್ಲಿ ಕಳಿಸಲು 12 ಮಿಲಿಸೆಕೆಂಡು ಬೇಕು. 54 ಮೆಗಾಬಿಟ್ ವೇಗದ ಯಂತ್ರಕ್ಕೆ ಕಾಲು ಮಿಲಿಸೆಕೆಂಡೂ ಬೇಡ. ಇಂಥ ಒಂದು ನಿಧಾನ ಯಂತ್ರ ಎಲ್ಲರನ್ನೂ ಹಿಂದಕ್ಕೆಳೆಯುವುದನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಯಂತ್ರ ಸುಮ್ಮನಿದ್ದರೆ ಬಾಧೆ ಕಡಿಮೆ. ಕೆಲಸ ಮಾಡತೊಡಗಿದಾಗಲೇ ತೊಂದರೆ.

ಇನ್ನೊಂದು ಕಾರಣವೂ ಉಂಟು. ಕೆಲವು ಫೋನುಗಳು ಯಾರೂ ಮುಟ್ಟದಿದ್ದರೂ ಫೋಟೋ, ವಿಡಿಯೋಗಳನ್ನು ಕ್ಲೌಡಿಗೆ ಕಳಿಸುತ್ತಿರುತ್ತವೆ. ಆಗ ಹೊರಗೆ ಹೋಗುವ ದಾರಿ ತುಂಬಿಹೋಗುತ್ತದೆ. ನಮ್ಮ ಕರೆಯ ಮಾತೂ ಅದೇ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ.

ಪರೀಕ್ಷೆಗೆ ದುಡ್ಡು ಬೇಕಿಲ್ಲ, ಅರ್ಧ ಗಂಟೆ ಸಾಕು.

ಮೊದಲು, ಒಂದು ಫೋನ್ ಬಿಟ್ಟು ಉಳಿದ ಎಲ್ಲವುಗಳ ವೈ-ಫೈ ನಿಲ್ಲಿಸಿರಿ. ಟಿ.ವಿ., ಕ್ಯಾಮೆರಾ, ಪ್ರಿಂಟರುಗಳನ್ನು ಮರೆಯಬೇಡಿರಿ. ರೌಟರಿನ ಹತ್ತಿರ ನಿಂತು ವೇಗವನ್ನು ಅಳೆದು ಕಾಗದದ ಮೇಲೆ ಬರೆದುಕೊಳ್ಳಿರಿ.

ಎರಡನೆಯದಾಗಿ, ಒಂದೊಂದೇ ಯಂತ್ರವನ್ನು ಸೇರಿಸಿ, ಅದರಲ್ಲಿ ಕೆಲಸ ನಡೆಯುತ್ತಿರುವಾಗ ಮತ್ತೆ ಅಳೆಯಿರಿ. ಪ್ರತಿಯೊಂದಕ್ಕೂ ವೇಗ ಸ್ವಲ್ಪ ಇಳಿಯುವುದು ಸಹಜ. ಒಮ್ಮೆಗೇ ಕುಸಿದರೆ ಆ ಯಂತ್ರವನ್ನು ತೆಗೆದು ನೋಡಿರಿ. ವೇಗ ಮರಳಿದರೆ ಕಾರಣ ಸಿಕ್ಕಿತು. ಸಂಜೆ ಹೊರಗಿನ ಲೈನೂ ಏರಿಳಿಯಬಹುದು. ಆದ್ದರಿಂದ ಇದನ್ನು ಎರಡು ಮೂರು ಸಲ ಮಾಡಿರಿ.

ಒಂದೇ ಫೋನ್ ಇದ್ದಾಗಲೂ ನಿಧಾನವಾದರೆ ರೌಟರಿಗೆ ಕೇಬಲ್ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಅಳೆಯಿರಿ. ಅಲ್ಲಿಯೂ ನಿಧಾನವಿದ್ದರೆ ದೋಷ ಬಹುಶಃ ಲೈನಿನದು ಇಲ್ಲವೇ ರೌಟರಿನದು. ಬರೆದಿಟ್ಟ ಅಂಕಿಗಳೊಡನೆ ಕಂಪನಿಗೆ ದೂರು ಕೊಡಿರಿ.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ. ಹಳೆಯ ಯಂತ್ರವನ್ನು ರೌಟರಿನ ಸಮೀಪಕ್ಕೆ ತನ್ನಿರಿ ಅಥವಾ ಕೇಬಲಿನಿಂದ ಜೋಡಿಸಿರಿ. ರೌಟರಿನಲ್ಲಿ ಎರಡು ಬ್ಯಾಂಡುಗಳಿದ್ದರೆ ಹಳೆಯದನ್ನು 2.4 ಗಿಗಾಹರ್ಟ್ಸಿನಲ್ಲಿ ಬಿಟ್ಟು, ಹೊಸ ಫೋನುಗಳನ್ನು 5 ಗಿಗಾಹರ್ಟ್ಸಿಗೆ ಸೇರಿಸಿರಿ. ಫೋಟೋ ಕಳಿಸುವ ಕೆಲಸವನ್ನು ಎಲ್ಲರೂ ಮಲಗಿದ ಮೇಲೆ ಇಟ್ಟುಕೊಳ್ಳಿರಿ. ರೌಟರಿನ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡರೆ ಪಾಸ್‌ವರ್ಡ್ ಬದಲಾಯಿಸಿರಿ.

ಹೆಚ್ಚು ಸಿನಿಮಾ ನೋಡುವವನೇ ತಪ್ಪಿತಸ್ಥನೆಂದು ತಿಳಿಯಬೇಡಿರಿ. ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಪೆಟ್ಟಿಗೆಯೂ ಕಾರಣವಾಗಿರಬಹುದು. ಪರಸ್ಥಳದಲ್ಲಿ ಒಂದೇ ಕೋಣೆಯಲ್ಲಿ ಬಾಳುವವರು ಪರೀಕ್ಷಿಸದೆ ಒಬ್ಬರನ್ನೊಬ್ಬರು ದೂರುವುದು ತರವಲ್ಲ. ಸಂದೇಹವಿದ್ದವರು ತಮ್ಮ ಅಂಕಿಗಳ ಕಾಗದವನ್ನು ಇಲ್ಲಿಗೆ ತನ್ನಿರಿ, ಕೂಡಿ ನೋಡೋಣ.