ಜಾರುವ ಕಾರಿನ ಲೆಕ್ಕ



ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಬೆಂಗಳೂರಿನ ಈ ಮೂರು ಅಂಚುಗಳಲ್ಲಿ ಮೂವರು ಸ್ನೇಹಿತರಿದ್ದಾರೆ ಎಂದು ಭಾವಿಸಿಕೊಳ್ಳಿ. ಸಂಜೆ ಓದು ಮುಗಿದ ಮೇಲೆ ಮೂವರೂ ತಮ್ಮ ತಮ್ಮ ಮನೆಯಲ್ಲೇ ಕುಳಿತು ಅಂತರಜಾಲದ ಮೂಲಕ ಒಂದೇ ಕಾರು ಪಂದ್ಯದ ಆಟ ಆಡುತ್ತಾರೆ. ತಿರುವು ಬಂದಾಗ ಒಬ್ಬಳ ಕಾರು ಓರೆಯಾಗುತ್ತದೆ. ಅದರ ಹಿಂಭಾಗ ಹೊರಕ್ಕೆ ಬೀಸುತ್ತದೆ. ಟೈರುಗಳಿಂದ ಹೊಗೆ ಏಳುತ್ತದೆ. ಆದರೂ ಕಾರು ರಸ್ತೆ ಬಿಡದೆ ತಿರುವಿನ ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಇದನ್ನೇ ಡ್ರಿಫ್ಟ್ ಎನ್ನುತ್ತಾರೆ. ಉಳಿದಿಬ್ಬರು ಹಾಗೆಯೇ ಮಾಡಲು ಹೋದರೆ ಅವರ ಕಾರು ಬುಗುರಿಯಂತೆ ಗಿರ್ರನೆ ತಿರುಗಿ ಅಡ್ಡ ನಿಲ್ಲುತ್ತದೆ.

ಹೀಗೇಕೆ? ಮೊದಲನೆಯವಳ ಬೆರಳಿನಲ್ಲಿ ಮಾಯೆಯೇನೂ ಇಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆಕೆ ಘರ್ಷಣೆಯ ಲೆಕ್ಕ ಮಾಡುತ್ತಿದ್ದಾಳೆ. ಆ ಲೆಕ್ಕವನ್ನು ಇಂದು ನಾವೂ ಮಾಡೋಣ.

ಮೊದಲು ಒಂದು ಸರಳ ಪ್ರಯೋಗ. ಗಟ್ಟಿ ರಟ್ಟಿನ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರ ಮೇಲೊಂದು ರಬ್ಬರನ್ನು ಇಡಿ. ಪುಸ್ತಕದ ಒಂದು ತುದಿಯನ್ನು ನಿಧಾನವಾಗಿ ಮೇಲೆತ್ತುತ್ತ ಬನ್ನಿ. ಒಂದು ಹಂತದವರೆಗೆ ರಬ್ಬರು ಅಲುಗುವುದಿಲ್ಲ. ಆಮೇಲೆ ತಟ್ಟನೆ ಜಾರುತ್ತದೆ. ಅದು ಜಾರಿದ ಕ್ಷಣದಲ್ಲಿ ಎತ್ತಿದ ತುದಿ ಎಷ್ಟು ಎತ್ತರದಲ್ಲಿದೆ, ಅದರ ಕೆಳಗೆ ಮೇಜಿನ ಮೇಲಿನ ಅಡಿ ಎಷ್ಟು ಉದ್ದವಿದೆ ಎಂದು ಅಳೆದು, ಎತ್ತರವನ್ನು ಅಡಿಯಿಂದ ಭಾಗಿಸಿ. ಬಂದ ಸಂಖ್ಯೆಯೇ ಘರ್ಷಣಾ ಗುಣಾಂಕ. ಒಣಗಿದ ಡಾಂಬರು ರಸ್ತೆ ಮತ್ತು ಟೈರಿನ ನಡುವೆ ಇದು ಸುಮಾರು 0.7 ಅಥವಾ ಅದಕ್ಕಿಂತ ತುಸು ಹೆಚ್ಚು. ನೆನೆದ ರಸ್ತೆಯಲ್ಲಿ 0.4ರವರೆಗೂ ಇಳಿಯಬಹುದು.

ಕಾರಿನ ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ಹೆಚ್ಚು ಕಡಿಮೆ ನಿಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಒಂದು ಟನ್ ತೂಗುವ ಕಾರಿಗೆ ಭೂಮಿಯ ಮೇಲಿರುವ ಹಿಡಿತವೆಲ್ಲ ಈ ನಾಲ್ಕು ಅಂಗೈಗಳದು. ವೇಗ ಹೆಚ್ಚಿಸುವುದು, ಬ್ರೇಕು ಹಾಕುವುದು, ತಿರುಗುವುದು, ಈ ಮೂರೂ ಕೆಲಸಕ್ಕೆ ಬೇಕಾದ ಬಲ ಇಲ್ಲಿಂದಲೇ ಬರಬೇಕು. ಮನೆಗೆ ತಿಂಗಳಿಗೊಮ್ಮೆ ಬರುವ ಸಂಬಳವಿದ್ದಂತೆ ಇದು. ಬಾಡಿಗೆಗೆ ಹೆಚ್ಚು ಹೋದರೆ ದಿನಸಿಗೆ ಕಡಿಮೆ ಉಳಿಯುತ್ತದೆ. ಆದರೆ ಇಲ್ಲಿ ನೇರವಾಗಿ ಕಳೆಯುವ ಹಾಗಿಲ್ಲ. ತಿರುಗುವ ಬಲ ಅಡ್ಡಕ್ಕೆ, ಬ್ರೇಕಿನ ಬಲ ಉದ್ದಕ್ಕೆ. ಎರಡೂ ಪರಸ್ಪರ ಲಂಬವಾಗಿವೆ. ಆದ್ದರಿಂದ ಪೈಥಾಗೊರಸನ ಪ್ರಮೇಯವನ್ನು ಬಳಸಬೇಕು. ಹಿಡಿತದಲ್ಲಿ ಶೇಕಡ 80ರಷ್ಟು ತಿರುಗುವುದಕ್ಕೆ ಖರ್ಚಾದರೆ, ಬ್ರೇಕಿಗೆ ಶೇಕಡ 60 ಉಳಿಯುತ್ತದೆ. ತಿರುಗುವುದಕ್ಕೇ ನೂರಕ್ಕೆ ನೂರು ಖರ್ಚು ಮಾಡಿದವನಿಗೆ ಬ್ರೇಕಿಗೆ ಉಳಿಯುವುದು ಸೊನ್ನೆ.

ಈಗ ಡ್ರಿಫ್ಟ್ ಏನೆಂಬುದನ್ನು ಹೇಳುವುದು ಸುಲಭ. ಹಿಂದಿನ ಚಕ್ರಗಳ ಸಂಬಳವನ್ನು ಬೇಕೆಂದೇ ಮುಗಿಸಿಬಿಡುವುದು. ಮುಂದಿನ ಚಕ್ರಗಳ ಸಂಬಳವನ್ನು ಜೋಪಾನ ಮಾಡುವುದು. ತಿರುವಿನಲ್ಲಿ ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಒಮ್ಮೆಲೇ ಹೆಚ್ಚು ಕೊಟ್ಟರೆ, ಅಥವಾ ಹ್ಯಾಂಡ್‌ಬ್ರೇಕನ್ನು ಒಂದು ಕ್ಷಣ ಎಳೆದರೆ, ಅವು ಅಡ್ಡ ಹಿಡಿತವನ್ನು ಕಳೆದುಕೊಂಡು ಹೊರಕ್ಕೆ ಜಾರುತ್ತವೆ. ಆಗ ಚಾಲಕ ಸ್ಟೇರಿಂಗನ್ನು ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾನೆ. ಕಾರಿನ ಮೂತಿ ಒಂದು ಕಡೆಗೆ, ಕಾರು ಹೋಗುವುದು ಇನ್ನೊಂದು ಕಡೆಗೆ. ಜಾರುವ ಚಕ್ರಕ್ಕೆ ಘರ್ಷಣೆಯೇ ಇರುವುದಿಲ್ಲ ಎಂದು ತಿಳಿಯಬೇಡಿ. ಇರುತ್ತದೆ, ಸ್ವಲ್ಪ ಕಡಿಮೆಯಾಗಿರುತ್ತದೆ, ಅಷ್ಟೆ. ಆ ಉಳಿದ ಘರ್ಷಣೆಯ ಮೇಲೆಯೇ ಡ್ರಿಫ್ಟ್ ನಿಂತಿದೆ.

ಈ ವಿದ್ಯೆ ಹೆಸರಾದದ್ದು ಜಪಾನಿನಲ್ಲಿ. 1970ರ ದಶಕದಲ್ಲಿ ಕುನಿಮಿತ್ಸು ತಕಾಹಾಶಿ ಎಂಬ ಪಂದ್ಯಗಾರ ಇದನ್ನು ಓಟದ ಪಥದಲ್ಲಿ ತೋರಿಸಿದರು. ಅವರನ್ನು ನೋಡಿ ಕಲಿತ ಕೇಯಿಚಿ ತ್ಸುಚಿಯಾ ಅದನ್ನು ಜನಪ್ರಿಯಗೊಳಿಸಿದರು. ಮುಂದೆ ಅದೇ ಒಂದು ಸ್ಪರ್ಧೆಯಾಯಿತು. ಅಲ್ಲಿ ಗೆಲ್ಲುವುದು ಮೊದಲು ಗುರಿ ಮುಟ್ಟಿದವರಲ್ಲ. ಕೋನ, ವೇಗ ಮತ್ತು ಹಿಡಿದ ದಾರಿಯನ್ನು ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ. ಇಂದಿನ ಆಟಗಳೂ ಅಂಕ ಕೊಡುವುದು ಹೆಚ್ಚು ಕಡಿಮೆ ಹೀಗೆಯೇ. ಇಂಥ ಆಟಗಳ ತಯಾರಿಕೆಯಲ್ಲಿ ಬೆಂಗಳೂರಿನ ಪಾಲೂ ಇದೆ. 1997ರಲ್ಲಿ ನಮ್ಮ ನಗರದಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಜಗತ್ತಿನಾದ್ಯಂತ ಆಡುವ ಫೋರ್ಜಾ ಸರಣಿಗೆ ಕೆಲಸ ಮಾಡಿದರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು.

ಆಟದಲ್ಲಿ ಡ್ರಿಫ್ಟ್ ಕಲಿಯುವುದಕ್ಕೆ ಒಂದು ಕ್ರಮವಿದೆ. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ ಕಾರನ್ನೇ ಆರಿಸಿಕೊಳ್ಳಿ. ಶಕ್ತಿ ಮಿತವಾಗಿರಲಿ, ಅತಿ ಬಲದ ಕಾರು ಕಲಿಯುವವರ ಕೈಗೆ ಸಿಗುವುದಿಲ್ಲ. ವಿಶಾಲವಾದ ಖಾಲಿ ಬಯಲಿನಲ್ಲಿ, ಕಡಿಮೆ ವೇಗದಲ್ಲಿ, ಒಂದೇ ವೃತ್ತದಲ್ಲಿ ಕಾರನ್ನು ಜಾರಿಸುತ್ತ ಸುತ್ತಿ. ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು, ಪೂರ್ತಿ ಬಿಡುವುದು ಬೇಡ. ವೀಣೆಯ ತಂತಿಯನ್ನು ಮಿಡಿದಂತೆ ಹದವಾಗಿ ಒತ್ತಿ. ವೃತ್ತ ಒಲಿದ ಮೇಲೆ ಇಂಗ್ಲಿಷ್ ಎಂಟರ ಅಂಕಿಯನ್ನು ಬರೆಯಿರಿ. ಎಡ ಜಾರಿನಿಂದ ಬಲ ಜಾರಿಗೆ ಹೊರಳುವಾಗ ಕಾರಿನ ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ವಾಲುವುದು ಆಗ ಅರಿವಿಗೆ ಬರುತ್ತದೆ. ಆಮೇಲೆ ತಿರುವುಗಳ ರಸ್ತೆಗೆ ಹೋಗಿ.

ದೂರದರ್ಶನದ ಕೆಲಸದಿಂದ ಬಂದ ಒಂದು ಸಲಹೆಯನ್ನೂ ಸೇರಿಸುತ್ತೇನೆ. ನಮ್ಮ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿರುತ್ತವೆ. ಗಂಟೆಗೆ 72 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಅಂದರೆ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ 80 ಸೆಂಟಿಮೀಟರ್. ನಿಮ್ಮ ಓಟವನ್ನು ಮರುಪ್ರದರ್ಶನದಲ್ಲಿ ಹೀಗೆ ನಿಲ್ಲಿಸಿ ನಿಲ್ಲಿಸಿ ನೋಡಿ. ಹಿಂಭಾಗ ಜಾರಲಾರಂಭಿಸಿದ್ದು ಯಾವ ಚೌಕಟ್ಟಿನಲ್ಲಿ, ನೀವು ಸ್ಟೇರಿಂಗ್ ತಿರುಗಿಸಿದ್ದು ಯಾವುದರಲ್ಲಿ ಎಂದು ಎಣಿಸಿ. ಕಾರು ಬುಗುರಿಯಾಗಲು ಕಾರಣ ಸಾಮಾನ್ಯವಾಗಿ ಆ ನಡುವಿನ ಅಂತರವೇ.

ಅಂತರಜಾಲದಲ್ಲಿ ಜೋಡಿಯಾಗಿ ಡ್ರಿಫ್ಟ್ ಮಾಡುವಾಗ ಇನ್ನೊಂದು ತೊಡಕಿದೆ. ಪೀಣ್ಯದ ಸ್ನೇಹಿತನ ಕಾರಿನ ಸುದ್ದಿ ಎಲೆಕ್ಟ್ರಾನಿಕ್ ಸಿಟಿಯ ನಿಮ್ಮ ಯಂತ್ರಕ್ಕೆ ನೇರವಾಗಿ ಬರದೆ, ದೂರದ ಸರ್ವರೊಂದನ್ನು ಸುತ್ತಿಕೊಂಡು ಬರಬಹುದು. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಅಷ್ಟರಲ್ಲಿ ಅವನ ಕಾರು 2 ಮೀಟರ್ ಮುಂದೆ ಹೋಗಿರುತ್ತದೆ. ಈ ಕೊರತೆಯನ್ನು ತುಂಬಲು ಆಟವು ಅವನ ವೇಗ ಮತ್ತು ದಿಕ್ಕಿನಿಂದ ಸ್ಥಾನವನ್ನು ಊಹಿಸಿ ತೋರಿಸುತ್ತದೆ. ಅವನು ಥಟ್ಟನೆ ದಿಕ್ಕು ಬದಲಿಸಿದರೆ ಊಹೆ ತಪ್ಪುತ್ತದೆ. ಪರದೆಯ ಮೇಲೆ ಕಾರುಗಳು ಹಾರಿಬಿದ್ದಂತೆ ಕಾಣುವುದು ಇದರಿಂದಲೇ. ಆದ್ದರಿಂದ ಅಂತರ ಬಿಟ್ಟು ಹಿಂಬಾಲಿಸಿ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಡ್ರಿಫ್ಟ್ ಕಲಿಯುವವರು ಆಟದ ಪಟ್ಟಿಯಲ್ಲಿ ಮೊದಲು ಆರಿಸುವುದು ಸ್ಥಿರತೆಯ ನಿಯಂತ್ರಣವನ್ನು. ಅದು ಇದ್ದರೆ ಕಾರು ಜಾರುವುದೇ ಇಲ್ಲ. ಇದು ಆಟದವರು ಕಟ್ಟಿದ ಕಥೆಯಲ್ಲ, ನಿಜವಾದ ಕಾರಿನ ಸಾಧನ. ಬಾಷ್ ಕಂಪನಿ ತಯಾರಿಸಿದ ಇದು 1995ರಲ್ಲಿ ಮರ್ಸಿಡಿಸ್-ಬೆಂಝ್ ಕಾರಿನಲ್ಲಿ ಮೊದಲು ಮಾರುಕಟ್ಟೆಗೆ ಬಂದಿತು. ಬಾಷ್ ಎಂದರೆ ನಮ್ಮ ಆಡುಗೋಡಿಯ ಹಳಬರು ಮೈಕೋ ಎಂದು ಕರೆಯುವ ಕಾರ್ಖಾನೆಯವರು. ಮರ್ಸಿಡಿಸ್-ಬೆಂಝ್ ಸಂಸ್ಥೆಯ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿದೆ. ಈಗ ವೈಟ್‌ಫೀಲ್ಡ್ ಕಡೆ ಕೆಲಸ ಮಾಡುತ್ತಿದೆ. ಈ ಸಾಧನ ಚಾಲಕ ಸ್ಟೇರಿಂಗ್ ತಿರುಗಿಸಿದ ಕೋನವನ್ನೂ ಕಾರು ನಿಜಕ್ಕೂ ತಿರುಗುತ್ತಿರುವ ವೇಗವನ್ನೂ ಎಡೆಬಿಡದೆ ಹೋಲಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಒಂದೇ ಒಂದು ಚಕ್ರಕ್ಕೆ ಬ್ರೇಕು ಹಾಕಿ ಕಾರನ್ನು ದಾರಿಗೆ ತರುತ್ತದೆ. ಆಟದಲ್ಲಿ ನೀವು ಅಡ್ಡಿಯೆಂದು ಆರಿಸಿಡುವ ಇದೇ ಸಾಧನ, ರಸ್ತೆಯಲ್ಲಿ ನಿಮ್ಮ ಮನೆಯವರನ್ನು ಕಾಯುತ್ತದೆ.

ಆಟದಲ್ಲಿ ಪಳಗಿದವರಿಗೆ ಒಮ್ಮೊಮ್ಮೆ ಅನ್ನಿಸುತ್ತದೆ: ರಾತ್ರಿ ಹನ್ನೊಂದಾದ ಮೇಲೆ ಕೈಗಾರಿಕಾ ಪ್ರದೇಶದ ರಸ್ತೆ ಖಾಲಿಯೇ ಇರುತ್ತದಲ್ಲ, ಒಮ್ಮೆ ನಿಜವಾಗಿ ನೋಡಿಬಿಡೋಣ ಎಂದು. ಅಲ್ಲಿ ಲೆಕ್ಕವೇ ಬೇರೆ. ನಮ್ಮ ಮನೆಗಳ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದ ಓಡುವಂಥವು. ಬಲ ಹೆಚ್ಚು ಕೊಟ್ಟರೆ ಹಿಂಭಾಗ ಜಾರುವ ಬದಲು ಮೂತಿಯೇ ನೇರವಾಗಿ ತಿರುವಿನ ಆಚೆಗೆ ಹೋಗುತ್ತದೆ. ಎತ್ತರದ ಕಾರಾದರೆ ಮಗುಚಿಕೊಳ್ಳಬಹುದು. ಲಾರಿಗಳು ನಿಲ್ಲುವ ರಸ್ತೆಗಳಲ್ಲಿ ಎಣ್ಣೆ ತೊಟ್ಟಿಕ್ಕಿರುತ್ತದೆ. ಮೊದಲ ಮಳೆಗೆ ಅದು ನೀರಿನೊಡನೆ ಸೇರಿ ರಸ್ತೆಯ ಮೇಲೆ ಪದರಾಗುತ್ತದೆ. ಅಲ್ಲಿ ಘರ್ಷಣಾ ಗುಣಾಂಕ ಎಷ್ಟೆಂದು ಯಾವ ಪರದೆಯೂ ಬರೆದು ತೋರಿಸುವುದಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಪಕ್ಕದ ನಿಲುಗಡೆಯಲ್ಲಿ ಯುವಕ, ಯುವತಿ ಇಬ್ಬರು ಬೈಕಿನೊಡನೆ ನಿಂತಿದ್ದರು. ವೇಗವಾಗಿ ಬಂದ ಕಾರೊಂದು ಅವರಿಗೆ ಗುದ್ದಿತು. ಇಬ್ಬರೂ ಸೇತುವೆಯಿಂದ ಕೆಳಕ್ಕೆ ಬಿದ್ದು ತೀರಿಕೊಂಡರು. ಆ ವೇಗ ಅವರು ಆರಿಸಿಕೊಂಡದ್ದಲ್ಲ. ಆಟದ ರಸ್ತೆಯ ಪಕ್ಕದಲ್ಲಿ ಇಂಥವರು ಯಾರೂ ನಿಂತಿರುವುದಿಲ್ಲ. ಅಲ್ಲಿ ಕಾರು ಗೋಡೆಗೆ ಬಡಿದರೆ ಒಂದು ಗುಂಡಿ ಒತ್ತಿ ಮೊದಲಿನಿಂದ ಆರಂಭಿಸಬಹುದು. ಸಾವಿರ ಸಲ ತಪ್ಪಬಹುದು ಎಂಬುದರಿಂದಲೇ ಆಟದಲ್ಲಿ ಡ್ರಿಫ್ಟ್ ಕಲಿಯಲು ಸಾಧ್ಯವಾಗುತ್ತದೆ. ರಸ್ತೆಯಲ್ಲಿ ಆ ಸಾವಿರ ಸಲಗಳಿಲ್ಲ. 18 ತುಂಬದವರು ಕಾರು ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಇದೆ ಎಂಬುದನ್ನೂ ನೆನಪಿಡಿ.

ಹಾಗಾದರೆ ಆಟದಲ್ಲಿ ಕಲಿತದ್ದು ವ್ಯರ್ಥವೇ? ಖಂಡಿತ ಅಲ್ಲ. ಹಿಡಿತಕ್ಕೆ ಒಂದು ಮಿತಿಯಿದೆ, ಅದು ತಟ್ಟನೆ ಮುಗಿಯುತ್ತದೆ ಎಂಬುದು ಆಟವಾಡಿದವರ ಬೆರಳಿಗೆ ಗೊತ್ತಿರುತ್ತದೆ. ಆ ಮಿತಿಯಿಂದ ದೂರ ಉಳಿಯುವುದಕ್ಕೆ ಆ ತಿಳಿವಳಿಕೆ ಬಳಕೆಯಾಗಬೇಕು.

ಕೊನೆಯಲ್ಲಿ ನಿಮಗೊಂದು ಕೆಲಸ. ವಾಹನಗಳಿಲ್ಲದ ಹೊತ್ತಿನಲ್ಲಿ, ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು, ಕಾಲೇಜಿನ ಆವರಣದೊಳಗಿನ ಒಂದು ತಿರುವನ್ನು ಅಳೆಯಿರಿ. ತಿರುವಿನ ಅಂಚಿನ ಎರಡು ಬಿಂದುಗಳ ನಡುವೆ 12 ಮೀಟರ್ ಹಗ್ಗವನ್ನು ಬಿಗಿಯಾಗಿ ಹಿಡಿಯಿರಿ. ಹಗ್ಗದ ನಡುವಿನಿಂದ ಅಂಚಿಗೆ ಎಷ್ಟು ದೂರವಿದೆ ನೋಡಿ. ಅದು 90 ಸೆಂಟಿಮೀಟರ್ ಇದ್ದರೆ ತಿರುವಿನ ತ್ರಿಜ್ಯ ಸುಮಾರು 20 ಮೀಟರ್; ಹೇಗೆಂದು ನೀವೇ ಸಾಧಿಸಿ. ತ್ರಿಜ್ಯ, ಘರ್ಷಣಾ ಗುಣಾಂಕ ಮತ್ತು 9.8, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಜಾರದೆ ತಿರುಗಬಲ್ಲ ಗರಿಷ್ಠ ವೇಗ ಸೆಕೆಂಡಿಗೆ ಮೀಟರುಗಳಲ್ಲಿ ಸಿಗುತ್ತದೆ. ಒಣ ರಸ್ತೆಯಲ್ಲಿ ಇದು ಗಂಟೆಗೆ ಸುಮಾರು 42 ಕಿಲೋಮೀಟರ್. ನೆನೆದ ರಸ್ತೆಯಲ್ಲಿ ಸುಮಾರು 32. ಈ ಲೆಕ್ಕದಲ್ಲಿ ವಾಹನದ ತೂಕ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಏಕೆ ಬರಲಿಲ್ಲ ಎಂಬುದನ್ನು ಯೋಚಿಸಿ, ನಿಮ್ಮ ಭೌತಶಾಸ್ತ್ರದ ಅಧ್ಯಾಪಕರೊಡನೆ ಚರ್ಚಿಸಿ.