ಬಲವಿದೆ, ಅಪ್ಪಣೆಯಿಲ್ಲ: ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಜಾಲ



ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಮುತ್ಯಾಗ ವಯಸ್ಸಾಗ್ಯದ, ಕೈ ನಡಗ್ತದ, ಹೆಜ್ಜಿ ಏಳವಲ್ದು." ಹೇಳುವವರಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ಆದರೆ ಆ ಮಾತಿನಿಂದಾಗಿ ಔಷಧಿ ಇರುವ ಕಾಯಿಲೆಯೊಂದು ಮುಪ್ಪಿನ ಲೆಕ್ಕಕ್ಕೆ ಜಮೆಯಾಗುತ್ತದೆ. ನಡೆದಾಡಿಕೊಂಡು ಇರಬಹುದಾಗಿದ್ದ ವರ್ಷಗಳು ಹೊರಸಿನ ಮೇಲೆ ಕಳೆದುಹೋಗುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಕಾಲಿನ ಬಲ ಉಳಿದೇ ಇರುತ್ತದೆ, ಚಲಿಸು ಎಂಬ ಅಪ್ಪಣೆ ಮೆದುಳಿನೊಳಗೇ ತಡೆದು ನಿಂತಿರುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದು ಬಂದಿದ್ದೇನೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ ಆರು ಜನರ ವಿವರವಿದೆ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಷ್ಟೇ ಕಂಡಿದ್ದ. ಸ್ನಾಯುಗಳ ಶಕ್ತಿ ಕುಂದುತ್ತದೆ ಎಂದು ಆತ ಬರೆದಿದ್ದನ್ನು ಮುಂದೆ ಪ್ಯಾರಿಸ್ಸಿನ ವೈದ್ಯ ಷಾರ್ಕೋ ತಿದ್ದಿದರು. ಬಲ ಸಾಕಷ್ಟು ಉಳಿದಿರುತ್ತದೆ, ಚಲನೆ ಮಾತ್ರ ನಿಧಾನವಾಗುತ್ತದೆ ಎಂದು ತೋರಿಸಿದವರು, ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನು ಇಟ್ಟವರು ಅವರೇ. 1919ರಲ್ಲಿ ಟ್ರೆಟಿಯಾಕೋಫ್ ಎಂಬ ಸಂಶೋಧಕ, ತೀರಿಹೋದ ರೋಗಿಗಳ ನಡುಮೆದುಳಿನಲ್ಲಿ ಕಪ್ಪಗಿರಬೇಕಾದ ಒಂದು ಪಟ್ಟಿ ಬಿಳಿಚಿಕೊಂಡಿರುವುದನ್ನು ಕಂಡ. ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಈ ಪಟ್ಟಿಯ ನರಕೋಶಗಳೇ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ ಮೆದುಳಿನ ಆಳದ ಜಾಲಕ್ಕೆ ಕಳಿಸುತ್ತವೆ.

ಆ ಜಾಲದ ಹೆಸರು ಬೇಸಲ್ ಗ್ಯಾಂಗ್ಲಿಯಾ. ಅದರ ಕೆಲಸವನ್ನು ಕೆರೆಯ ತೂಬಿನ ರೀತಿಯಲ್ಲಿ ನೋಡಬಹುದು. ತೂಬು ಸದಾ ಮುಚ್ಚಿರುತ್ತದೆ. ಯಾವ ಹೊಲಕ್ಕೆ ನೀರು ಬೇಕೋ ಆ ಕಾಲುವೆಯ ತೂಬನ್ನು ಮಾತ್ರ ಎತ್ತುತ್ತಾರೆ. ಈ ಜಾಲದಲ್ಲಿ ಗ್ಲೋಬಸ್ ಪ್ಯಾಲಿಡಸ್ ಎಂಬ ಗಂಟಿನ ಒಳಭಾಗವು, ಮೆದುಳಿನ ಹೊರಪದರಕ್ಕೆ ಅಪ್ಪಣೆ ದಾಟಿಸುವ ಥಲಾಮಸ್ಸನ್ನು ಹೀಗೆಯೇ ಎಡೆಬಿಡದೆ ಅದುಮಿ ಹಿಡಿದಿರುತ್ತದೆ. ನೀವು ಚೊಂಬು ಎತ್ತಬೇಕೆಂದುಕೊಂಡಾಗ ಮೆದುಳಿನ ಹೊರಪದರದಿಂದ ಸುದ್ದಿ ಈ ಜಾಲದ ಹೆಬ್ಬಾಗಿಲಾದ ಸ್ಟ್ರಯಾಟಮ್ಮಿಗೆ ಬರುತ್ತದೆ. ಅಲ್ಲಿಂದ ಎರಡು ದಾರಿ. ನೇರ ದಾರಿಯ ಕೋಶಗಳು ಪ್ಯಾಲಿಡಸ್ಸಿನ ಹಿಡಿತವನ್ನು ಸಡಿಲಿಸಿ, ಬೇಕಾದ ಆ ಒಂದು ಚಲನೆಗೆ ತೂಬು ಎತ್ತುತ್ತವೆ. ಬಳಸುದಾರಿಯ ಕೋಶಗಳು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಗಂಟನ್ನು ಚುರುಕುಗೊಳಿಸಿ, ಬೇಡದ ಚಲನೆಗಳ ತೂಬನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತವೆ. ಡೋಪಮೈನ್ ಮೊದಲನೆಯದಕ್ಕೆ ಹುರುಪು ಕೊಡುತ್ತದೆ, ಎರಡನೆಯದನ್ನು ತಗ್ಗಿಸುತ್ತದೆ. ಎರಡೂ ಕಡೆಯಿಂದ ಚಲನೆಗೆ ಅನುಕೂಲ.

ಡೋಪಮೈನ್ ತಯಾರಿಸುವ ಆ ಕಪ್ಪು ಪಟ್ಟಿಯ ಕೋಶಗಳು ಅರ್ಧದಷ್ಟು ನಶಿಸುವ ಹೊತ್ತಿಗೆ ಹೊರಗಿನ ಲಕ್ಷಣ ಕಾಣತೊಡಗುತ್ತದೆ. ಈಗ ನೇರ ದಾರಿ ಸೋಲುತ್ತದೆ, ಬಳಸುದಾರಿ ಮೇಲುಗೈ ಪಡೆಯುತ್ತದೆ. ಬೇಕಾದ ಚಲನೆಗೂ ತೂಬು ಏಳುವುದಿಲ್ಲ. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು ತಡವಾಗುತ್ತದೆ. ಮುಖದ ಭಾವ ಮಾಯವಾಗುತ್ತದೆ, ದನಿ ಕ್ಷೀಣಿಸುತ್ತದೆ. ಸಹಿ ಬರೆಯುತ್ತ ಬರೆಯುತ್ತ ಅಕ್ಷರ ಸಣ್ಣದಾಗುತ್ತದೆ, ಬ್ಯಾಂಕಿನವರು ಸಹಿ ಹೊಂದುವುದಿಲ್ಲ ಎಂದು ಚೀಟಿ ಮರಳಿಸುತ್ತಾರೆ. ಎಷ್ಟೋ ಜನರಿಗೆ ಮೊದಲು ಬರುವುದು ಹೆಗಲ ನೋವು. "ಹೆಗಲ ಹಿಡ್ಕೊಂಡದ" ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡವರನ್ನು ನಾನು ಕಂಡಿದ್ದೇನೆ. ಇದಕ್ಕೂ ಮೊದಲೇ, ಹಲವು ವರ್ಷಗಳ ಹಿಂದಿನಿಂದ, ಮಲಬದ್ಧತೆ ಇರಬಹುದು, ವಾಸನೆ ತಿಳಿಯದೆ ಹೋಗಿರಬಹುದು, ಕನಸಿನಲ್ಲಿ ಕೈಕಾಲು ಬಡಿಯುವ ರೂಢಿ ಬಂದಿರಬಹುದು.

ನಡುಕವನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ನಡುಕವಿಲ್ಲದ ಪಾರ್ಕಿನ್ಸನ್ ರೋಗಿಗಳಿದ್ದಾರೆ, ಬೇರೆ ಕಾರಣಗಳಿಂದ ಕೈ ನಡುಗುವವರು ಅವರಿಗಿಂತ ಹೆಚ್ಚಿದ್ದಾರೆ. ಮೇಲೆ ಹೇಳಿದ ಎರಡು ದಾರಿಗಳ ಲೆಕ್ಕಾಚಾರ ನಡುಕವನ್ನು ಪೂರ್ತಿ ವಿವರಿಸುವುದೂ ಇಲ್ಲ. ಅದರಲ್ಲಿ ಕಿರುಮೆದುಳಿನ ಜಾಲಕ್ಕೂ ಪಾಲಿದೆ. ಗುರುತಿಸಬೇಕಾದದ್ದು ನಿಧಾನವನ್ನು.

ಮುಪ್ಪಿನ ಮಾತಿಗೆ ಮರಳುತ್ತೇನೆ. ಅದಕ್ಕೆ ಉತ್ತರ ಹುಡುಕಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉದಯ್ ಮುಥಾಣೆ, ಟಿ.ಸಿ. ಯಶಾ ಮತ್ತು ಎಸ್.ಕೆ. ಶಂಕರ್ ಅವರು ಈ ಕಾಯಿಲೆ ಇಲ್ಲದೆ ತೀರಿಕೊಂಡ ಭಾರತೀಯರ ಮೆದುಳುಗಳಲ್ಲಿ ಆ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಬ್ರಿಟನ್ನಿನವರ ಮೆದುಳಿಗಿಂತ ಸುಮಾರು 40 ಪ್ರತಿಶತ ಕಡಿಮೆ ಕೋಶಗಳು ನಮ್ಮವರಲ್ಲಿ ಇದ್ದವು. ಆದರೂ ವಯಸ್ಸು ಏರಿದಂತೆ ಆ ಸಂಖ್ಯೆ ಇಳಿದಿರಲಿಲ್ಲ. ಇದರ ಬೆಲೆ ದೊಡ್ಡದು. ಮುಪ್ಪು ತಾನಾಗಿ ಆ ಕೋಶಗಳನ್ನು ತಿಂದುಹಾಕುತ್ತದೆ ಎನ್ನಲು ಆ ಮೆದುಳುಗಳಲ್ಲಿ ಆಧಾರ ಸಿಗಲಿಲ್ಲ. ವಯಸ್ಸಾದವರಲ್ಲಿ ಈ ಕಾಯಿಲೆ ಹೆಚ್ಚು ಎಂಬುದು ನಿಜ. ವಯಸ್ಸೇ ಕಾಯಿಲೆ ಎಂಬುದು ನಿಜವಲ್ಲ. ತಮ್ಮವರನ್ನು ಕಳೆದುಕೊಂಡ ದುಃಖದ ಗಳಿಗೆಯಲ್ಲೂ ಮೆದುಳನ್ನು ಅಧ್ಯಯನಕ್ಕೆ ಕೊಡಲು ಒಪ್ಪಿದ ಕುಟುಂಬಗಳಿಂದ ನಮಗೆ ದಕ್ಕಿದ ತಿಳಿವಳಿಕೆ ಇದು. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಕೋಶಗಳು ಯಾಕೆ ಸಾಯುತ್ತವೆ? 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳದಾರಿಯಲ್ಲಿ ತಯಾರಾದ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಜನರು ಕೆಲವೇ ದಿನಗಳಲ್ಲಿ ಮರಗಟ್ಟಿದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಸ್ತು ಮೆದುಳಿಗೆ ಹೋಗಿ ಮಾರ್ಪಟ್ಟು ಆ ಕಪ್ಪು ಕೋಶಗಳನ್ನೇ ಹುಡುಕಿ ಕೊಂದಿತ್ತು. ಹಾಗೆ ಮಾರ್ಪಟ್ಟ ವಿಷದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಹೋಲುತ್ತದೆ. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಅದೇ ಕಾರಣ ಎಂದು ಸಾಬೀತಾಗಿಲ್ಲ. ತೊಗರಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ, ಕಸಕ್ಕೆ ಕಳೆನಾಶಕ ಹೊಡೆಯುವ ನಮ್ಮ ರೈತರು ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಹೊಲಕ್ಕಿಳಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಪೂರ್ಣ ಪುರಾವೆ ಬರುವ ತನಕ ಕಾಯಬೇಕಾದ ಎಚ್ಚರಿಕೆ ಇದಲ್ಲ.

ಎಂಪಿಟಿಪಿ ಎಂಬ ಆ ವಿಷವೇ ಚಿಕಿತ್ಸೆಗೆ ಒಂದು ದಾರಿಯನ್ನೂ ತೋರಿಸಿತು. ಅದರಿಂದ ಕಾಯಿಲೆ ಬಂದ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಮರಳುತ್ತದೆ ಎಂದು ಬರ್ಗ್‌ಮನ್, ವಿಕ್‌ಮನ್ ಮತ್ತು ಡಿಲಾಂಗ್ 1990ರಲ್ಲಿ ತೋರಿಸಿದರು. ಫ್ರಾನ್ಸಿನ ಬೆನಾಬಿದ್ ಅವರ ತಂಡ ಅದೇ ಗಂಟಿಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆಯನ್ನು ರೂಪಿಸಿತು. ಬೆಂಗಳೂರಿನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹಲವು ಲಕ್ಷ ರೂಪಾಯಿ ಬೇಕು, ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ.

ಬಹುಪಾಲು ಜನರಿಗೆ ಆಸರೆ ಲೆವೊಡೋಪಾ ಎಂಬ ಗುಳಿಗೆಯೇ. ಕಡಿಮೆಯಾದ ಡೋಪಮೈನನ್ನೇ ನೇರವಾಗಿ ಕೊಟ್ಟರೆ ಆಗದು. ಬಾಳೆಹಣ್ಣಿನಲ್ಲೂ ಡೋಪಮೈನ್ ಇದೆ, ಸಿಪ್ಪೆಯಲ್ಲಂತೂ ಹೆಚ್ಚು. ಆದರೆ ಕಮಲಾಪುರದ ಕೆಂಪು ಬಾಳೆಯನ್ನು ಗೊನೆಗಟ್ಟಲೆ ತಿಂದರೂ ಅದು ಮೆದುಳು ಸೇರದು. ರಕ್ತದಿಂದ ಮೆದುಳಿಗೆ ದಾಟುವಲ್ಲಿ ತಡೆ ಇದೆ. ಲೆವೊಡೋಪಾ ಮಾತ್ರ ಆ ತಡೆಯನ್ನು ದಾಟಿ ಒಳಗೆ ಡೋಪಮೈನ್ ಆಗುತ್ತದೆ. ಸರ್ಪಗಂಧದಿಂದ ತೆಗೆದ ರಿಸರ್ಪಿನ್ ಕೊಟ್ಟು ಜಡಗೊಳಿಸಿದ ಪ್ರಾಣಿಗಳು ಡೋಪಾ ಕೊಟ್ಟೊಡನೆ ಎದ್ದು ಓಡಾಡಿದ್ದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ವರದಿ ಮಾಡಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ನಸುಗುನ್ನಿ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ 1937ರಲ್ಲೇ ಪ್ರಕಟಿಸಿದ್ದರು. ಹಾಗೆಂದು ಬೀಜದ ಪುಡಿಯನ್ನು ತಾವೇ ತೆಗೆದುಕೊಳ್ಳಬೇಡಿ. ಪ್ರಮಾಣ ಪ್ರತಿ ಬಾರಿಯೂ ಬದಲಾಗುತ್ತದೆ, ಗುಳಿಗೆಯ ಜೊತೆ ಸೇರಿದರೆ ಅತಿಯಾಗುತ್ತದೆ.

ತೊಗರಿಯ ನಾಡಿನವರು ತಿಳಿಯಲೇಬೇಕಾದ ಸಂಗತಿಯೊಂದಿದೆ. ಬೇಳೆಯ ಪ್ರೋಟೀನೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ಬಾಗಿಲಿನಿಂದ ಹೋಗಬೇಕು. ರೊಟ್ಟಿ, ಬ್ಯಾಳಿ ಉಂಡ ಕೂಡಲೇ ಗುಳಿಗೆ ನುಂಗಿದರೆ ಅದು ಸರಿಯಾಗಿ ಹಿಡಿಯದಿರಬಹುದು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆಯ ನಂತರ ತೆಗೆದುಕೊಳ್ಳಲು ಹೇಳುತ್ತೇವೆ. ಬೇಳೆ ಬಿಡಬೇಕಿಲ್ಲ, ಹೊತ್ತು ಹೊಂದಿಸಿಕೊಂಡರೆ ಸಾಕು. ವರ್ಷಗಳು ಕಳೆದಂತೆ ಒಂದು ಗುಳಿಗೆಯ ಗುಣ ಇನ್ನೊಂದರ ಹೊತ್ತಿಗಿಂತ ಮುಂಚೆಯೇ ಇಳಿಯತೊಡಗುತ್ತದೆ, ಕೈಕಾಲು ತಾವಾಗಿ ಹೊರಳಾಡಬಹುದು. ಆಗ ಔಷಧಿ ಬಿಡುವುದು ಅಪಾಯ. ವೈದ್ಯರು ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಡುತ್ತಾರೆ.

ಇನ್ನು ಹೊಸ್ತಿಲ ವಿಷಯ. ಬಾಗಿಲಿಗೆ ಬಂದೊಡನೆ ರೋಗಿಯ ಪಾದ ನೆಲಕ್ಕಂಟಿದಂತೆ ನಿಲ್ಲುತ್ತದೆ. ಅದೇ ವ್ಯಕ್ತಿ ಮೆಟ್ಟಿಲನ್ನು ಸರಾಗ ಹತ್ತುತ್ತಾರೆ! ಮನೆಯವರು ಸೋಗು ಎಂದುಕೊಂಡು ಗದರುವುದು ಇಲ್ಲಿಯೇ. ತಾನಾಗಿ ಹೊರಡುವ ನಡಿಗೆಗೆ ಬೇಸಲ್ ಗ್ಯಾಂಗ್ಲಿಯಾದ ಅಪ್ಪಣೆ ಬೇಕು. ಕಣ್ಣೆದುರಿನ ಗುರುತನ್ನು ನೋಡಿ ಇಡುವ ಹೆಜ್ಜೆಗೆ ಮೆದುಳಿನ ಬೇರೆ ದಾರಿಯೊಂದು ನೆರವಾಗುತ್ತದೆ. ನಮ್ಮ ಮನೆಗಳ ಶಹಾಬಾದ್ ಪರಸಿ ಕಲ್ಲಿನ ನೆಲದಲ್ಲಿ ಆ ಗುರುತು ಆಗಲೇ ಇದೆ. ನಡೆಯುವ ದಿಕ್ಕಿಗೆ ಅಡ್ಡಲಾಗಿರುವ ಕಲ್ಲಿನ ಸಂದುಗಳನ್ನು ಒಂದೊಂದಾಗಿ ದಾಟಲು ಹೇಳಿ. ಸಂದುಗಳು ದೂರವಿದ್ದರೆ ನಡುವೆ ಸುಣ್ಣದ ಗೆರೆ ಎಳೆಯಿರಿ, ಹೊಸ್ತಿಲ ಹತ್ತಿರ ಮುಖ್ಯವಾಗಿ. "ಒಂದು, ಎರಡು" ಎಂದು ತಾಳಕ್ಕೆ ಎಣಿಸಿದರೂ ಹೆಜ್ಜೆ ಏಳುತ್ತದೆ. ಹಿಂದಿನಿಂದ ನೂಕಬೇಡಿ, ತೋಳು ಜಗ್ಗಬೇಡಿ, ಬಿದ್ದು ತೊಡೆಯೆಲುಬು ಮುರಿಯಬಹುದು.

ಕೊನೆಯದಾಗಿ, ಗ್ಯಾಸಿನ ಗುಳಿಗೆ. ಲೆವೊಸಲ್ಪಿರೈಡ್ ಸೇರಿದ ಆಮ್ಲಪಿತ್ತದ ಕ್ಯಾಪ್ಸೂಲುಗಳು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲೂನರಿಜಿನ್ ಡೋಪಮೈನ್ ಕೂರಬೇಕಾದ ಜಾಗವನ್ನು ತಾವೇ ಹಿಡಿಯುತ್ತವೆ. ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಪಾರ್ಕಿನ್ಸನ್ ಲಕ್ಷಣಗಳೇ ಕಾಣಿಸಿಕೊಳ್ಳಬಹುದು. ಬಹಳ ಜನರಲ್ಲಿ ಆ ಔಷಧಿ ನಿಲ್ಲಿಸಿದ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಆದ್ದರಿಂದ ಮನೆಯ ಹಿರಿಯರ ಒಂದು ಕೈ ಬೀಸದಿರುವುದು ಕಣ್ಣಿಗೆ ಬಿದ್ದರೆ ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗ ಬೇಗ ತಟ್ಟಲು ಹೇಳಿ. ತಟ್ಟುತ್ತ ತಟ್ಟುತ್ತ ಆ ಅಗಲ ಕುಗ್ಗುತ್ತ ಹೋದರೆ ಕಲಬುರಗಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆತನ್ನಿ. ಬರುವಾಗ ಅವರು ನುಂಗುವ ಪ್ರತಿಯೊಂದು ಗುಳಿಗೆಯ ಪೊಟ್ಟಣವನ್ನೂ, ಅಂಗಡಿಯಿಂದ ಬಿಡಿಯಾಗಿ ತಂದದ್ದನ್ನೂ, ಜೊತೆಗೆ ತನ್ನಿ.