ದೂರು ಕೊಟ್ಟರೆ ಗುರುದ್ರೋಹವೇ?

ಮೇಷ್ಟ್ರು ಹೊಡೆದರೆಂದೋ, ಎಲ್ಲರೆದುರು ಹೀಯಾಳಿಸಿದರೆಂದೋ ಮಗು ಅತ್ತಾಗ ಶಾಲೆಗೆ ಹೋಗಿ ಕೇಳಲು ನಮ್ಮಲ್ಲಿ ಅನೇಕ ತಂದೆತಾಯಿಯರು ಹಿಂಜರಿಯುತ್ತಾರೆ. ಗುರುವಿಗೆ ಎದುರಾಡಿದಂತಾದೀತು ಎಂಬ ಅಳುಕು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಾಸುಂಡೆ ಕಾಣದಿದ್ದರೆ ದೂರಿಗೆ ಆಧಾರವೇ ಇಲ್ಲ ಎನ್ನುವವರಿಗೆ ಈ ಎರಡನೆಯದನ್ನು ನೆನಪಿಸಬೇಕು. ಮಕ್ಕಳು ಉತ್ಪ್ರೇಕ್ಷೆ ಮಾಡುತ್ತಾರೆ, ಎಲ್ಲದಕ್ಕೂ ದೂರು ಬಂದರೆ ಪಾಠ ಮಾಡುವುದು ಹೇಗೆ ಎಂಬ ಶಿಕ್ಷಕರ ಆಕ್ಷೇಪ ಪೂರ್ತಿ ಸುಳ್ಳಲ್ಲ. ಅದಕ್ಕೇ ದೂರು ಬರಹದಲ್ಲಿರಬೇಕು. 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ ಎರಡೂ ಕಡೆಯವರ ಮಾತು ಕೇಳಿ 3 ತಿಂಗಳೊಳಗೆ ತೀರ್ಮಾನಿಸಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದಿನಾಂಕ, ನಡೆದದ್ದು, ಆಡಿದ ಮಾತು, ಕಂಡವರು ಯಾರು ಎಂಬುದಿರುವ ಕಾಗದ ತಪ್ಪು ಮಾಡದ ಶಿಕ್ಷಕರಿಗೂ ರಕ್ಷೆ. ಗೇಟಿನ ಬಳಿಯ ಕೂಗಾಟದಲ್ಲಿ, ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರಿಗೆ ತಮ್ಮ ಮಾತು ಹೇಳುವ ಅವಕಾಶವೇ ಇರುವುದಿಲ್ಲ.

ನಿಜವಾದ ಭಯ ಬೇರೆ: ದೂರು ಕೊಟ್ಟ ಮರುದಿನವೂ ಮಗು ಅದೇ ತರಗತಿಯಲ್ಲಿ ಕೂರಬೇಕು. ಕಾಯ್ದೆ ಇದಕ್ಕೆ ಪೂರ್ಣ ಉತ್ತರ ಕೊಡುವುದಿಲ್ಲ. ಸರ್ಕಾರಿ ಶಾಲೆಯಲ್ಲಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ಮುಕ್ಕಾಲು ಪಾಲಾದರೂ ಪೋಷಕರೇ ಇರಬೇಕು. ಒಬ್ಬ ತಾಯಿಯ ದೂರು ಅಲ್ಲಿ ಹತ್ತು ಮನೆಯ ಪ್ರಶ್ನೆಯಾಗಬಹುದು. ಅನುದಾನರಹಿತ ಖಾಸಗಿ ಶಾಲೆಗೆ ಕಾಯ್ದೆ ಅಂಥ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಹೆಚ್ಚು ಫೀಸು ಕಟ್ಟುವವರಿಗೇ ಮಾತಿನ ಬಲ ಕಡಿಮೆ, ವಿಚಿತ್ರವಲ್ಲವೇ! ಅಲ್ಲಿ ಪೋಷಕರು, ವಿಚಾರಣೆ ಮುಗಿಯುವವರೆಗೆ ಮಗುವನ್ನು ಬೇರೆ ಸೆಕ್ಷನ್ನಿಗೆ ಹಾಕಿ ಎಂಬ ಕೋರಿಕೆಯನ್ನೂ ದೂರಿನಲ್ಲೇ ಬರೆದು, ಸ್ವೀಕೃತಿ ಪಡೆದು ಬರುವುದು ಮೇಲು.